ಆರು ಓರೆಕಡ್ಡಿಗಳು

ಶಾಲೆಯ ಕೊನೆಯ ಗಂಟೆ ಹೊಡೆದ ಮೇಲೆ ನಡೆಯುವ ವಿಜ್ಞಾನ ತರಗತಿಗಳ ಜಾಹೀರಾತುಗಳಲ್ಲಿ ಈಗ ಎದ್ದು ಕಾಣುವುದು ಪೆಟ್ಟಿಗೆ: ಮೋಟಾರು, ಸೆನ್ಸರ್, ಬಣ್ಣದ ವೈರು, ಜೊತೆಗೊಂದು ಚಿತ್ರಪುಸ್ತಕ. ಚಿತ್ರದಿಂದ ಚಿತ್ರಕ್ಕೆ ಬೆರಳಿಟ್ಟು ಹೋದರೆ ರೋಬೋಟ್ ಓಡುತ್ತದೆ; ಎಲ್ಲ ಮಕ್ಕಳದೂ ಒಂದೇ ಥರ ಓಡುತ್ತದೆ. ಇದಕ್ಕೆ ‘ಆವಿಷ್ಕಾರ’ದ ಪ್ರಮಾಣಪತ್ರ ಬೇರೆ.

ಪೆಟ್ಟಿಗೆ ಬೇಡದ ದಾರಿಯೂ ಇದೆ. ಐಐಟಿ ಕಾನ್ಪುರದಲ್ಲಿ ಓದಿ ಟೆಲ್ಕೊ ಸೇರಿದ್ದ ಅರವಿಂದ ಗುಪ್ತಾ 1978ರಲ್ಲಿ ರಜೆ ಪಡೆದು ಮಧ್ಯಪ್ರದೇಶದ ಹೋಶಂಗಾಬಾದಿನ ಶಾಲಾ ವಿಜ್ಞಾನ ಕಾರ್ಯಕ್ರಮಕ್ಕೆ ಹೋದರು. ಬೆಂಕಿಕಡ್ಡಿ, ಸೈಕಲ್ ವಾಲ್ವ್ ಟ್ಯೂಬುಗಳ ಮಾದರಿಗಳು ಹುಟ್ಟಿದ್ದು ಅಲ್ಲಿ. ಟ್ಯೂಬಿನ ಚೂರಿನ ಎರಡು ತುದಿಗೆ ಎರಡು ಕಡ್ಡಿ ತುರುಕಿದರೆ ಒಂದು ಕೀಲು; ನಡುವೆ ಜಾಲಿಮುಳ್ಳಿನಿಂದ ಚುಚ್ಚಿದರೆ ಮೂರನೆಯ ಕಡ್ಡಿಗೂ ಜಾಗ.

ಕಡ್ಡಿ, ಕೀಲುಗಳ ಚೌಕಟ್ಟು ಅಲುಗದೆ ನಿಲ್ಲಲು ಎಷ್ಟು ಕಡ್ಡಿ ಬೇಕೆಂಬ ಭೌತವಿಜ್ಞಾನಿ ಮ್ಯಾಕ್ಸ್‌ವೆಲ್‌ನ ಲೆಕ್ಕ ಇಲ್ಲಿ ಬೆರಳಿಗೇ ಸಿಗುತ್ತದೆ. ತ್ರಿಕೋನ ಒತ್ತಿದರೂ ಅಲುಗದು. ಚೌಕ ವಾಲುತ್ತದೆ, ಅದಕ್ಕೊಂದು ಕರ್ಣ ಬೇಕು. ಕರ್ಣಕ್ಕೆ ಬೆಂಕಿಕಡ್ಡಿಯ ಉದ್ದ ಸಾಲದು, ಪೊರಕೆಕಡ್ಡಿ ಕತ್ತರಿಸಬೇಕು. ಎಷ್ಟುದ್ದ ಎಂದು ಕೇಳುವಷ್ಟರಲ್ಲಿ ಪೈಥಾಗೊರಸ್ ಬಂದಾಯಿತು. ಪಂಚಭುಜಕ್ಕೆ ಎರಡು ಕರ್ಣ, ಷಡ್ಭುಜಕ್ಕೆ ಮೂರು. ಘನಕ್ಕೆ? ಕೀಲುಗಳ ಸಂಖ್ಯೆಯನ್ನು ಮೂರರಿಂದ ಗುಣಿಸಿ ಆರು ಕಳೆಯಿರಿ ಎನ್ನುತ್ತದೆ ಮ್ಯಾಕ್ಸ್‌ವೆಲ್‌ನ 1864ರ ನಿಯಮ. ಕೀಲು 8, ಬೇಕಾದ ಕಡ್ಡಿ 18, ಇರುವುದು 12. ಮುಖಕ್ಕೊಂದರಂತೆ ಆರು ಓರೆಕಡ್ಡಿ ಕೊಟ್ಟಾಗಲೇ ಘನ ನೆಟ್ಟಗೆ ನಿಲ್ಲುತ್ತದೆ. ಐದಕ್ಕೆ ನಿಲ್ಲಿಸಿದರೆ ಎತ್ತ ವಾಲುತ್ತದೆಂದು ಕಂಡ ಮಗುವಿಗೆ ಹೈಟೆನ್ಷನ್ ಟವರಿನ ಓರೆಪಟ್ಟಿಗಳ ಕೆಲಸ ಬಿಡಿಸಿ ಹೇಳಬೇಕಿಲ್ಲ.

ಹಾಗೆಂದು ಅಗ್ಗದ ಕಡ್ಡಿಯೇ ಗೆದ್ದಿತು ಎನ್ನುವಂತಿಲ್ಲ. ಬೆಂಕಿಕಡ್ಡಿಗೂ ಚಿತ್ರಪುಸ್ತಕ ಬರೆದು ಮಕ್ಕಳಿಂದ ನಕಲು ಮಾಡಿಸಬಹುದು. ನಿಜವಾದ ಪ್ರಶ್ನೆ, ಉತ್ತರ ಯಾರ ಬಳಿ ಇದೆ ಎಂಬುದು. ಹೋಶಂಗಾಬಾದಿನ ಕಾರ್ಯಕ್ರಮ 1972ರಲ್ಲಿ 16 ಶಾಲೆಗಳಲ್ಲಿ ಶುರುವಾದದ್ದು ಸಂಜೆಯ ಚಟುವಟಿಕೆಯಾಗಿ ಅಲ್ಲ, ಹಗಲಿನ ಪಾಠವಾಗಿಯೇ. ‘ಬಾಲ ವೈಜ್ಞಾನಿಕ’ ಪುಸ್ತಕದಲ್ಲಿ ಪ್ರಯೋಗಗಳಿದ್ದವು, ಪ್ರಶ್ನೆಗಳಿದ್ದವು. ಉತ್ತರಗಳನ್ನು ಮಾಡಿ ನೋಡಿದ ಮಕ್ಕಳೇ ಬರೆದುಕೊಳ್ಳಬೇಕಿತ್ತು. ಪರೀಕ್ಷೆಯಲ್ಲಿ ಪುಸ್ತಕ ತೆರೆದಿಟ್ಟುಕೊಳ್ಳಬಹುದಿತ್ತು. ಪ್ರಯೋಗ ಮಾಡಿ ತೋರಿಸಬೇಕಿತ್ತು. ಉರು ಹೊಡೆದವರಿಗೆ ಅಲ್ಲಿ ಲಾಭವಿರಲಿಲ್ಲ. 2002ರಲ್ಲಿ ರಾಜ್ಯ ಸರ್ಕಾರ ಅದನ್ನು ನಿಲ್ಲಿಸಿತು.

ಪರೀಕ್ಷೆ ಸಿದ್ಧ ಉತ್ತರವನ್ನೇ ಕೇಳುವವರೆಗೆ ಮಾಡಿ ಕಲಿಯುವುದು ಸಂಜೆಯ ಪಾಲಿಗೇ ಉಳಿಯುತ್ತದೆ. ಸಂಜೆಗೆ ಶುಲ್ಕವಿದ್ದರೆ, ಕಟ್ಟಬಲ್ಲವರ ಮಕ್ಕಳಿಗೆ ಮಾತ್ರ.