ಬಿದ್ದ ಹೆಲಿಕಾಪ್ಟರಿಗೆ ಎಲ್ಲಿ ಅಂಟು, ಎಲ್ಲಿ ಹೊಸ ಭಾಗ

ರಿಮೋಟ್ ಹೆಲಿಕಾಪ್ಟರ್ ಬಿದ್ದು ಮುರಿದ ಮೇಲೆ ಹುಡುಗರು ಮೊದಲು ಕೇಳುವುದು ಒಂದೇ ಮಾತು: 'ಅಣ್ಣಾ, ಫೆವಿಕ್ವಿಕ್ ಹಚ್ಚಿದ್ರ ನಡೀತೈತೇನು?' ನೀರಮಾನ್ವಿಯ ಯಲ್ಲಮ್ಮನ ಜಾತ್ರೆಯಲ್ಲಿ ಕೊಂಡ ಆಟಿಕೆಯಿರಲಿ, ಬೆಂಗಳೂರಿನಿಂದ ಕೊರಿಯರ್ ತರಿಸಿದ ದುಬಾರಿ ಮಾದರಿಯಿರಲಿ, ಪ್ರಶ್ನೆ ಅದೇ. ಉತ್ತರ ಮಾತ್ರ ಬೇರೆ ಬೇರೆ. ಮುರಿದದ್ದು ತಿರುಗುವ ಭಾಗವೋ, ಸುಮ್ಮನೆ ಕೂತಿರುವ ಭಾಗವೋ ಎಂಬುದರ ಮೇಲೆ ಎಲ್ಲವೂ ನಿಂತಿದೆ. ಕೂತಿರುವ ಭಾಗಕ್ಕೆ ಹತ್ತಿಪ್ಪತ್ತು ರೂಪಾಯಿಯ ಉಪಾಯ ಸಾಕು. ಅದೇ ಉಪಾಯವನ್ನು ತಿರುಗುವ ಭಾಗಕ್ಕೆ ಮಾಡಿದರೆ ಕಣ್ಣು ಹೋದೀತು.

ಮೊದಲು ತಿಳಿಯಬೇಕಾದದ್ದು, ಹೆಲಿಕಾಪ್ಟರನ್ನು ಮುರಿಯುವುದು ಬಿದ್ದ ಎತ್ತರವಲ್ಲ. ಹವ್ಯಾಸಿಗಳು '450' ಎಂದು ಕರೆಯುವ ಗಾತ್ರವನ್ನೇ ನೋಡೋಣ. ಬ್ಯಾಟರಿ ಸೇರಿ ತೂಕ ಸುಮಾರು 800 ಗ್ರಾಂ. ಮೇಲಿನ ರೆಕ್ಕೆಗಳ ಒಟ್ಟು ಅಗಲ ಸುಮಾರು 70 ಸೆಂಟಿಮೀಟರ್, ನಿಮಿಷಕ್ಕೆ 2,800ರ ಆಸುಪಾಸಿನಲ್ಲಿ ಸುತ್ತುತ್ತವೆ. ಲೆಕ್ಕ ಹಾಕಿದರೆ ರೆಕ್ಕೆಯ ತುದಿಯ ವೇಗ ಗಂಟೆಗೆ 370 ಕಿಲೋಮೀಟರ್ ಹತ್ತಿರ ಬರುತ್ತದೆ. ರೆಕ್ಕೆಗಳಲ್ಲಿ ಹೀಗೆ ತುಂಬಿಕೊಂಡ ಶಕ್ತಿ ಸುಮಾರು 100 ಜೂಲ್. ಅಷ್ಟೇ ಶಕ್ತಿಯ ಪೆಟ್ಟು ಬೀಳಬೇಕಾದರೆ ಇಡೀ ಯಂತ್ರವನ್ನು ನಾಲ್ಕು ಅಂತಸ್ತಿನ ಕಟ್ಟಡದ ಮೇಲಿಂದ ಕೆಡವಬೇಕು. ಮೊಣಕಾಲೆತ್ತರದಲ್ಲಿ ವಾಲಿದ ಹೆಲಿಕಾಪ್ಟರ್ ಕೂಡ ಚೂರುಚೂರಾಗುವುದು ಇದಕ್ಕೇ. ರೆಕ್ಕೆ ನೆಲಕ್ಕೆ ಬಡಿಯುತ್ತದೆ, ಆ ಏಟು ಶಾಫ್ಟನ್ನು ಬಗ್ಗಿಸುತ್ತದೆ, ಗೇರಿನ ಹಲ್ಲು ಉದುರಿಸುತ್ತದೆ, ಕೆಳಗೆ ಬಾಗಿದ ರೆಕ್ಕೆ ತನ್ನದೇ ಬಾಲವನ್ನು ಕಡಿಯುತ್ತದೆ. ಹಾಗಾಗಿ ಎಲ್ಲಕ್ಕಿಂತ ಅಗ್ಗದ ರಿಪೇರಿ ಬೀಳುವ ಮೊದಲೇ ಆಗುವಂಥದ್ದು: ಇನ್ನು ಕೈಮೀರಿತು ಅನ್ನಿಸಿದ ಕ್ಷಣ ಮೋಟಾರ್ ಆಫ್ ಮಾಡಿಬಿಡುವುದು. ಹೊಸಬರು ಉಳಿಸಿಕೊಳ್ಳುವ ಆಸೆಗೆ ಇನ್ನಷ್ಟು ವೇಗ ಕೊಡುತ್ತಾರೆ, ಖರ್ಚು ಮೂರು ಪಟ್ಟಾಗುತ್ತದೆ.

ಬಿದ್ದದ್ದೆಲ್ಲ ಕೆಟ್ಟದ್ದರಿಂದಲೇ ಬೀಳುವುದಿಲ್ಲ. ಜಾತ್ರೆಯ ಸಣ್ಣ ಹೆಲಿಕಾಪ್ಟರ್‌ಗಳಲ್ಲಿ ಹೆಚ್ಚಿನವು ಟಿವಿ ರಿಮೋಟಿನ ಹಾಗೆ ಇನ್‌ಫ್ರಾರೆಡ್ ಬೆಳಕಿನಿಂದ ನಡೆಯುವಂಥವು. ಬಿಸಿಲಲ್ಲೂ ಅದೇ ಬೆಳಕು ತುಂಬಿರುವುದರಿಂದ ಅಂಗಳದಲ್ಲಿ ಅವಕ್ಕೆ ರಿಮೋಟಿನ ಮಾತು ಕೇಳಿಸದು. ಮನೆಯೊಳಗೆ ನೆಟ್ಟಗೆ ಹಾರಿದ್ದು ಹೊರಗೆ ಧೊಪ್ಪನೆ ಬಿದ್ದರೆ ಸ್ಕ್ರೂ ಬಿಚ್ಚಬೇಡಿ, ಸಂಜೆಯಾಗುವವರೆಗೆ ಕಾಯಿರಿ. ದೊಡ್ಡ ಮಾದರಿಗಳನ್ನು ನಮ್ಮ ಬೇಸಿಗೆ ಬೇರೆ ರೀತಿಯಲ್ಲಿ ಕಾಡುತ್ತದೆ. 42 ಡಿಗ್ರಿಯ ಗಾಳಿ 15 ಡಿಗ್ರಿಯ ಗಾಳಿಗಿಂತ ಸುಮಾರು ಶೇ 9ರಷ್ಟು ತೆಳು, ಅದೇ ರೆಕ್ಕೆಗೆ ಅಷ್ಟೇ ಕಡಿಮೆ ಎತ್ತುವ ಬಲ. ಇನ್ನು ಎರೆ ಮಣ್ಣು. ಅದರಲ್ಲಿ ಆಯಸ್ಕಾಂತಕ್ಕೆ ಅಂಟುವ ಕಪ್ಪು ಕಣಗಳಿವೆ. ಹೊಲದಲ್ಲಿ ಬಿದ್ದ ಯಂತ್ರದ ಮೋಟಾರಿನೊಳಗೆ ಅವು ಮೆತ್ತಿಕೊಳ್ಳುತ್ತವೆ. ಊದಿದರೆ ಬಿಡುವುದಿಲ್ಲ, ಸೆಲ್ಲೋಟೇಪನ್ನು ಅಂಟಿಸಿ ಅಂಟಿಸಿ ಕಿತ್ತರೆ ಬರುತ್ತವೆ.

ಈಗ ಕೂತಿರುವ ಭಾಗಗಳು. ಇಲ್ಲಿ ನಮ್ಮ ಜನರ ಕೈಚಳಕಕ್ಕೆ ಪೂರ್ತಿ ಅವಕಾಶವಿದೆ. ಕೆಳಗಿನ ಕಾಲು ಮುರಿದಿದ್ದರೆ ಸೈಕಲ್ ಶಾಪಿನ ಕಡ್ಡಿ ಕೊಂಡು ಬಗ್ಗಿಸಿ ಕೂರಿಸಬಹುದು. ಸಾಮಾನ್ಯ 14 ಗೇಜ್ ಕಡ್ಡಿ ಸರಿಯಾಗಿ 2 ಮಿಲಿಮೀಟರ್ ದಪ್ಪ. ಸೀಳಿದ ಬಿದಿರೂ ಆದೀತು, ಕಡ್ಡಿಗಿಂತ ಹಗುರ. ಕಾಲನ್ನು ದೇಹಕ್ಕೆ ಕಬ್ಬಿಣದ ಸ್ಕ್ರೂ ಹಾಕಿ ಬಿಗಿಯುವುದಕ್ಕಿಂತ ತೆಳು ಪ್ಲಾಸ್ಟಿಕ್ ಟ್ಯಾಗಿನಿಂದ ಕಟ್ಟುವುದು ಜಾಣತನ. ಮುಂದಿನ ಸಲ ಬಿದ್ದಾಗ ಒಂದೆರಡು ರೂಪಾಯಿಯ ಟ್ಯಾಗ್ ಕಡಿದು ಫ್ರೇಮು ಉಳಿಯುತ್ತದೆ.

ಮುಂಭಾಗದ ಮುಚ್ಚಳ, ಅಂದರೆ ಕ್ಯಾನಪಿ, ಬಿರುಕು ಬಿಟ್ಟಿದ್ದರೆ ಅಂಟು ಹಚ್ಚುವ ಮೊದಲು ಬಿರುಕು ಎಲ್ಲಿ ಮುಗಿಯುತ್ತದೋ ಅಲ್ಲಿ ಕಾಯಿಸಿದ ಸೂಜಿಯಿಂದ ಸಣ್ಣ ದುಂಡು ತೂತು ಮಾಡಿ. ಬಿರುಕಿನ ಚೂಪು ತುದಿಯಲ್ಲಿ ಸೇರುವ ಒತ್ತಡ ತೂತಿನ ಸುತ್ತ ಹಂಚಿಹೋಗುತ್ತದೆ, ಬಿರುಕು ಮುಂದಕ್ಕೆ ಓಡುವುದಿಲ್ಲ. ವಿಮಾನದ ತಗಡಿನ ಬಿರುಕನ್ನು ತಡೆಯಲು ಬಳಸುವ ಹಳೆಯ ಯುಕ್ತಿಯೂ ಇದೇ. ಆಮೇಲೆ ಒಳಗಿನಿಂದ ಟೇಪು. ಪೂರ್ತಿ ಪುಡಿಯಾಗಿದ್ದರೆ ಹೊಸದನ್ನೇ ಮಾಡಿಕೊಳ್ಳಬಹುದು: ಕ್ಯಾನಪಿಯ ಆಕಾರಕ್ಕೆ ಮರದ ತುಂಡು ಕೆತ್ತಿ ಉಜ್ಜಿ ನುಣುಪು ಮಾಡಿ, ತಳ ಕತ್ತರಿಸಿದ ಎರಡು ಲೀಟರಿನ ಕೂಲ್‌ಡ್ರಿಂಕ್ ಬಾಟಲಿಯೊಳಗೆ ಅದನ್ನು ತೂರಿಸಿ, ಮೊಬೈಲ್ ರಿಪೇರಿ ಅಂಗಡಿಯವರ ಬಿಸಿಗಾಳಿ ಗನ್ನನ್ನು ಸುತ್ತ ಆಡಿಸಿದರೆ ಬಾಟಲಿ ಕುಗ್ಗಿ ಮರವನ್ನು ಅಪ್ಪಿಕೊಳ್ಳುತ್ತದೆ. ಗನ್ನನ್ನು ಒಂದೇ ಕಡೆ ಹಿಡಿದರೆ ಪ್ಲಾಸ್ಟಿಕ್ ಬಿಳಿಚಿಕೊಂಡು ಸುಕ್ಕಾಗುತ್ತದೆ. ತಣ್ಣಗಾದ ಮೇಲೆ ಕತ್ತರಿಯಲ್ಲಿ ಕತ್ತರಿಸಿ ಒಳಗಡೆಯಿಂದ ಬಣ್ಣ ಬಳಿಯಿರಿ. ಅಂಗಡಿಯದಕ್ಕಿಂತ ಹಗುರವಾಗಿರುತ್ತದೆ, ಬಿದ್ದರೆ ಒಡೆಯದೆ ನೆಗ್ಗುತ್ತದೆ.

ಬಾಲದ ಕೊಳವೆ ಬಾಗಿದರೆ ಮೂಳೆ ಮುರಿದವರಿಗೆ ನಾಟಿ ವೈದ್ಯರು ದಬ್ಬೆ ಕಟ್ಟುವಂತೆ ಕಟ್ಟಬೇಕು. ಎರಡು ಬಿದಿರಿನ ಸೀಳುಗಳನ್ನು ಎದುರುಬದುರಾಗಿ ಇಟ್ಟು, ನೈಲಾನ್ ದಾರವನ್ನು ಸಂದು ಬಿಡದೆ ಸುತ್ತಿ, ಮೇಲೆ ಅರಾಲ್ಡೈಟ್ ಸವರಿ ಒಂದು ರಾತ್ರಿ ಬಿಡಿ. ಸೀಳನ್ನು ಒಳಗೆ ತೂರಿಸಲು ಹೋಗಬೇಡಿ, ಎಷ್ಟೋ ಮಾದರಿಗಳಲ್ಲಿ ಬಾಲದ ಫ್ಯಾನಿನ ಬೆಲ್ಟು ಆ ಕೊಳವೆಯೊಳಗೇ ಓಡುತ್ತದೆ. ಮಾಳಿಗೆಯ ಮೇಲೆ ಹಳೆಯ ಟಿವಿ ಆಂಟೆನಾ ಇನ್ನೂ ಇದ್ದರೆ, ಅಳತೆ ಹೊಂದಿದರೆ ಅದರ ಅಲ್ಯುಮಿನಿಯಂ ಕೊಳವೆ ಹೊಸ ಬಾಲವೇ ಆದೀತು.

ತಾತ್ಕಾಲಿಕ ದುರಸ್ತಿಯನ್ನು ಕೀಳಾಗಿ ಕಾಣಬೇಕಿಲ್ಲ. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಅಣೆಕಟ್ಟೆಯ 19ನೇ ಗೇಟು ಚೈನ್ ಕಡಿದು ಕೊಚ್ಚಿಹೋದಾಗ ಹರಿವ ನೀರಿನ ಮಧ್ಯೆಯೇ ಸ್ಟಾಪ್‌ಲಾಗ್ ಎಂಬ ತಾತ್ಕಾಲಿಕ ತಡೆ ಇಳಿಸಿ ನೀರು ನಿಲ್ಲಿಸಿದರು. ಎಡದಂಡೆ ಕಾಲುವೆಯನ್ನು ನಂಬಿದ ನಮ್ಮ ಮಾನ್ವಿ, ಸಿಂಧನೂರಿನ ಭತ್ತದವರು ಉಸಿರು ಬಿಟ್ಟರು. ಆದರೆ ಅದು ಗೇಟಲ್ಲ ಎಂಬುದು ಇಳಿಸಿದವರಿಗೂ ಗೊತ್ತಿತ್ತು.

ಅಂಟಿನ ವಿಷಯದಲ್ಲೂ ಅದೇ ಎಚ್ಚರ ಬೇಕು. ಫೆವಿಕ್ವಿಕ್ ಜಾತಿಯ ಅಂಟು ಸಯನೊಅಕ್ರಿಲೇಟ್. ಗಾಳಿಯಲ್ಲಿರುವ ತೇವ ತಾಗಿದೊಡನೆ ಗಟ್ಟಿಯಾಗುತ್ತದೆ. ನೇರ ಎಳೆತವನ್ನು ಚೆನ್ನಾಗಿ ತಾಳುತ್ತದೆ, ಏಟು ಮತ್ತು ನಡುಕವನ್ನು ತಾಳುವುದಿಲ್ಲ. ಹೆಲಿಕಾಪ್ಟರಿನಲ್ಲಿ ಇರುವುದೇ ಏಟು, ನಡುಕ. ಮೇಲಾಗಿ ನೈಲಾನ್, ಪಾಲಿಪ್ರೊಪಿಲೀನ್‌ಗಳನ್ನು ಅದು ಹಿಡಿಯುವುದೇ ಕಷ್ಟ, ಅಗ್ಗದ ಫ್ರೇಮುಗಳೋ ಹೆಚ್ಚಾಗಿ ನೈಲಾನಿನವು. ಅಂಥ ಕಡೆ ಎರಡೂ ಬದಿಗೆ ತೂತು ಕೊರೆದು ತೆಳು ತಂತಿಯಿಂದ ಹೊಲಿಯುವುದೇ ಸರಿ. ಹಾಗಂತ ಫೆವಿಕ್ವಿಕ್ ದಂಡವಲ್ಲ. ಸ್ಕ್ರೂ ಹಿಡಿಯದಷ್ಟು ಸವೆದ ತೂತಿಗೆ ಚಿಟಿಕೆ ಅಡುಗೆ ಸೋಡಾ ತುಂಬಿ ಮೇಲೆ ಒಂದು ಹನಿ ಬಿಟ್ಟರೆ ಕಣ್ಣು ಮಿಟುಕಿಸುವುದರಲ್ಲಿ ಕಲ್ಲಾಗುತ್ತದೆ, ಮತ್ತೆ ತೂತು ಕೊರೆದು ಸ್ಕ್ರೂ ಹಾಕಬಹುದು. ಆಗ ಏಳುವ ಘಾಟು ಕಣ್ಣಿಗೆ ತಾಗದಂತೆ ಮುಖ ಆಚೆಗಿರಲಿ. ಹತ್ತಿ ಬೆಳೆಯುವ ಸೀಮೆಯವರಿಗೆ ಇನ್ನೊಂದು ಮಾತು: ಈ ಅಂಟು ಹತ್ತಿ ಬಟ್ಟೆ ಅಥವಾ ದಾರದ ಮೇಲೆ ಚೆಲ್ಲಿದರೆ ಚರ್ಮ ಸುಡುವಷ್ಟು ಕಾಯುತ್ತದೆ.

ತಿರುಗುವ ಭಾಗಗಳ ಲೆಕ್ಕ ಬೇರೆ. 450 ಗಾತ್ರದ ಒಂದು ರೆಕ್ಕೆಯ ತೂಕ 30 ಗ್ರಾಂ ಎನ್ನಿ, ಅದರ ತೂಕದ ನಡುಬಿಂದು ಶಾಫ್ಟಿನಿಂದ 20 ಸೆಂಟಿಮೀಟರ್ ದೂರ ಎನ್ನಿ. 2,800 ಸುತ್ತಿನಲ್ಲಿ ಆ ರೆಕ್ಕೆ ಹೊರಕ್ಕೆ ಎಳೆಯುವ ಬಲ ಸುಮಾರು 50 ಕಿಲೋ. ಒಂದು ಮೂಟೆ ಸಿಮೆಂಟನ್ನು ರೆಕ್ಕೆಯ ಬುಡಕ್ಕೆ ನೇತುಹಾಕಿದಷ್ಟು. ಸೀಳಿದ ಬುಡಕ್ಕೆ ಅಂಟು ಹಚ್ಚಿ ಹಾರಿಸುವುದೆಂದರೆ ಆ ಮೂಟೆಯನ್ನು ಒಂದು ಹನಿ ಅಂಟಿನ ಭರವಸೆಯಲ್ಲಿ ತಲೆಯ ಪಕ್ಕ ಸುತ್ತಿಸಿದಂತೆ. ಜಾತ್ರೆಯ ಆಟಿಕೆಯಲ್ಲಿ ಮೂರು ಗ್ರಾಂ ರೆಕ್ಕೆ, ಐದು ಸೆಂಟಿಮೀಟರ್ ದೂರ, 1,500 ಸುತ್ತು ಎಂದುಕೊಂಡರೆ ಎಳೆತ ಅರ್ಧ ಕಿಲೋಗೂ ಕಡಿಮೆ. ಅದಕ್ಕೆ ಟೇಪು ಸುತ್ತಿದರೆ ಅನಾಹುತವೇನಿಲ್ಲ, ಎರಡೂ ರೆಕ್ಕೆಗೆ ಅಷ್ಟಷ್ಟೇ ಸುತ್ತಿ ತೂಕ ಸರಿದೂಗಿಸಿದರಾಯಿತು. ಆಟಿಕೆಗೆ ನಡೆದ ಉಪಾಯವನ್ನೇ ದೊಡ್ಡದಕ್ಕೂ ಒಯ್ಯುವುದರಲ್ಲಿ ಅಪಾಯವಿದೆ.

ಶಾಫ್ಟು ಬಗ್ಗಿದೆಯೇ ಎಂದು ತಿಳಿಯಲು ದುಬಾರಿ ಸಾಧನ ಬೇಡ. ಹೊರತೆಗೆದು ಕಿಟಕಿ ಗಾಜಿನ ಮೇಲೆ ನಿಧಾನ ಉರುಳಿಸಿ, ಹಿಂದೆ ಮೊಬೈಲ್ ಟಾರ್ಚ್ ಹಿಡಿಯಿರಿ. ಶಾಫ್ಟಿಗೂ ಗಾಜಿಗೂ ನಡುವೆ ಬೆಳಕಿನ ಗೆರೆ ದಪ್ಪವಾಗಿ ತೆಳುವಾಗಿ ಕುಣಿದರೆ ಬಗ್ಗಿದೆ ಎಂದೇ ಅರ್ಥ. ಸುತ್ತಿಗೆಯಿಂದ ಬಡಿದು ನೆಟ್ಟಗೆ ಮಾಡಬಹುದೆನ್ನುವವರು ಇದ್ದಾರೆ. ಕಣ್ಣಿಗೆ ನೆಟ್ಟಗಾದದ್ದು 2,800 ಸುತ್ತಿನಲ್ಲಿ ನೆಟ್ಟಗಿರುವುದಿಲ್ಲ. ಹೊಸ ಶಾಫ್ಟ್ ಕೊಳ್ಳಿ, ಎರಡು ರೆಕ್ಕೆಗಳನ್ನು ಜೋಡಿಸುವ ಅಡ್ಡ ಸ್ಪಿಂಡಲ್ಲನ್ನೂ ಅದರ ಜೊತೆಗೆ. ಹಲ್ಲುದುರಿದ ಗೇರಿಗೂ ಇದೇ ಮಾತು.

ಬ್ಯಾಟರಿಗಂತೂ ರಿಪೇರಿಯೇ ಇಲ್ಲ. ಲಿಥಿಯಂ ಪಾಲಿಮರ್ ಸೆಲ್ ಪೂರ್ತಿ ತುಂಬಿದಾಗ 4.2 ವೋಲ್ಟ್, 3ಕ್ಕಿಂತ ಕೆಳಗಿಳಿದರೆ ಕೆಡುತ್ತದೆ. ಬಿದ್ದಾಗ ನೆಗ್ಗಿದ ಸೆಲ್ಲಿನೊಳಗೆ ಪದರಗಳು ತಾಗಿ ಒಂದು ತಾಸಿನ ನಂತರವೂ ಹೊತ್ತಿಕೊಳ್ಳಬಹುದು. ಮನೆಯೊಳಗೆ ತರದೆ ಅಂಗಳದಲ್ಲಿ ಮರಳು ತುಂಬಿದ ಬುಟ್ಟಿಯಲ್ಲಿಡಿ. ಉಬ್ಬಿದ್ದರೆ ಸೂಜಿ ಚುಚ್ಚಿ ಗಾಳಿ ತೆಗೆಯುವ ಸಲಹೆ ಕೊಟ್ಟವರ ಮಾತನ್ನು ಇನ್ನು ಯಾವ ವಿಷಯದಲ್ಲೂ ಕೇಳಬೇಡಿ.

ಇದು ಬರೀ ಹುಡುಗರ ಆಟದ ಮಾತಲ್ಲ. ಪೈಲಟ್ ಇಲ್ಲದೆ ಹಾರಿ ಗದ್ದೆಗೆ ಔಷಧಿ ಸಿಂಪಡಿಸುವ ಯಂತ್ರ ಮೊದಲು ಬಂದದ್ದು ಇದೇ ರಿಮೋಟ್ ಹೆಲಿಕಾಪ್ಟರ್ ರೂಪದಲ್ಲಿ. ಜಪಾನಿನ ಯಮಾಹಾ ಕಂಪನಿ 20 ಕಿಲೋ ಹೊರುವ ಆರ್-50 ಹೆಲಿಕಾಪ್ಟರನ್ನು 1987ರಲ್ಲೇ ಭತ್ತದ ಗದ್ದೆಗಳಿಗೆ ಇಳಿಸಿತ್ತು. ಈಗ ಆ ಕೆಲಸ ಡ್ರೋನಿನದು. 2023ರಲ್ಲಿ ಕೇಂದ್ರ ಸರ್ಕಾರ ಒಪ್ಪಿದ ನಮೋ ಡ್ರೋನ್ ದೀದಿ ಯೋಜನೆ 15,000 ಮಹಿಳಾ ಸ್ವಸಹಾಯ ಸಂಘಗಳಿಗೆ ಡ್ರೋನ್ ಕೊಡುವ ಗುರಿ ಇಟ್ಟುಕೊಂಡಿತ್ತು. 2021ರ ಡ್ರೋನ್ ನಿಯಮಗಳ ಪ್ರಕಾರ ಕಣ್ಣಳತೆಯಲ್ಲಿ, ಮನರಂಜನೆಗೋ ಕಲಿಕೆಗೋ ಹಾರಿಸುವ 25 ಕಿಲೋವರೆಗಿನ ಮಾದರಿಗಳಿಗೆ ಟೈಪ್ ಸರ್ಟಿಫಿಕೇಟ್, ಅಂದರೆ ಯಂತ್ರದ ವಿನ್ಯಾಸಕ್ಕೆ ಕೊಡುವ ಒಪ್ಪಿಗೆ ಪತ್ರ, ಬೇಡ. ಸಿಂಪಡಿಸುವ ಡ್ರೋನಿಗೆ ಬೇಕು. ಸರ್ಟಿಫಿಕೇಟ್ ಸಿಕ್ಕಿರುವುದು ಕಂಪನಿ ಮಾಡಿದ ರೂಪಕ್ಕೇ ಹೊರತು ಬಿದಿರು ದಬ್ಬೆ ಕಟ್ಟಿದ ರೂಪಕ್ಕಲ್ಲ. ಹತ್ತು ಲೀಟರ್ ಔಷಧಿ ಹೊತ್ತು ಕೂಲಿಯವರ ಹತ್ತಿರ ಹಾರುವ ಯಂತ್ರದ ತೋಳಿಗೆ ದಾರ ಸುತ್ತುವ ಧೈರ್ಯ ಯಾರೂ ಮಾಡಬಾರದು.

ನಿಮ್ಮದೇ ಹೆಲಿಕಾಪ್ಟರಾದರೆ, ರಿಪೇರಿ ಮುಗಿದ ಮೇಲೆ ಬಯಲಿಗೆ ಒಯ್ದು ಹತ್ತು ಮೀಟರ್ ದೂರ ನಿಂತು ಚಾಲೂ ಮಾಡಿ. ಸುತ್ತುವ ರೆಕ್ಕೆಯ ನೇರಕ್ಕೆ ಯಾರ ಮುಖವೂ ಇರಬಾರದು, ಚಿಕ್ಕ ಮಕ್ಕಳನ್ನಂತೂ ಹಿಂದಕ್ಕೆ ಕಳಿಸಿ. ಮೊದಲು ನೆಲದ ಮೇಲೆಯೇ ಅರ್ಧ ವೇಗ. ಇಡೀ ದೇಹ ನಿಧಾನಕ್ಕೆ ಓಲಾಡಿದರೆ ದೋಷ ಮೇಲಿನ ರೆಕ್ಕೆ ಅಥವಾ ಸ್ಪಿಂಡಲ್ಲಿನದು. ಬಾಲದ ತುದಿ ಮಾತ್ರ ಮಸುಕಾಗುವಷ್ಟು ವೇಗವಾಗಿ ನಡುಗಿದರೆ ಹಿಂದಿನ ಸಣ್ಣ ಫ್ಯಾನು, ಇಲ್ಲವೇ ಅದರ ಬೇರಿಂಗನ್ನು ಬಿಚ್ಚಿ ನೋಡಬೇಕು.