ಉತ್ಸರ್ಗವೂ ಅಪವಾದವೂ

ವ್ಯಾಕರಣವನ್ನು ಗುರುಮುಖದಿಂದ ಓದಿದವರಿಗೆ ಉತ್ಸರ್ಗ, ಅಪವಾದ ಎಂಬೆರಡು ಮಾತುಗಳು ಚಿರಪರಿಚಿತವಾಗಿರುತ್ತವೆ. ಎಲ್ಲೆಡೆಯೂ ಸಲ್ಲತಕ್ಕ ಸಾಮಾನ್ಯ ವಿಧಿಯು ಉತ್ಸರ್ಗ; ಒಂದು ನಿಯತ ಸ್ಥಳದಲ್ಲಿ ಅದನ್ನು ಬಾಧಿಸಿ ತಾನೇ ಸಲ್ಲುವ ವಿಶೇಷ ವಿಧಿಯು ಅಪವಾದ. ಶಾಸ್ತ್ರವನ್ನು ಓದದ ಗೃಹಿಣಿಯರೂ ಇದನ್ನು ಪ್ರತಿನಿತ್ಯ ನಡೆಯಿಸುತ್ತಲೇ ಇದ್ದಾರೆ. “ದೀಪ ಹಚ್ಚುವ ಹೊತ್ತಿಗೆ ಮಕ್ಕಳೆಲ್ಲರೂ ಮನೆ ಸೇರತಕ್ಕದ್ದು” ಎಂಬುದು ಉತ್ಸರ್ಗ. “ತೇರಿನ ದಿವಸ ಮಾತ್ರ ತಡವಾದರೂ ಚಿಂತೆಯಿಲ್ಲ” ಎಂಬುದು ಅಪವಾದ. ಇವೆರಡರ ಕ್ರಮವನ್ನು ತಲೆಕೆಳಗು ಮಾಡಿದರೆ ಸಂಸಾರವೂ ಕೆಡುವುದು, ಯಂತ್ರವೂ ಕೆಡುವುದು. ಸಂಸಾರದ ಮಾತನ್ನು ಈ ಪುಟಗಳಲ್ಲಿ ಹಲವು ಸಲ ಆಡಿರುವೆವಾದ್ದರಿಂದ, ಈ ತಿಂಗಳು ಯಂತ್ರದ ಮಾತನ್ನು ವಾಚಕರ ಮುಂದಿಡಲು ಬಯಸುವೆವು.

ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ಎಂಬ ನಾಲ್ಕು ತಾಲ್ಲೂಕುಗಳು ಸೇರಿ ಮಧುಗಿರಿ ಶೈಕ್ಷಣಿಕ ಜಿಲ್ಲೆಯೆನಿಸಿವೆ. ಈ ಸೀಮೆಯ ಒಂದು ಪ್ರೌಢಶಾಲೆಯಲ್ಲಿ ಏಳೆಂಟು ಗಣಕಯಂತ್ರಗಳಿವೆಯೆಂದು ಭಾವಿಸೋಣ. ಪಾಠದ ಚಿತ್ರಗಳು, ಪ್ರಶ್ನಪತ್ರಿಕೆಗಳು, ಅಂಕಪಟ್ಟಿಗಳು, ಮಕ್ಕಳ ಜಾತಿ, ವರಮಾನ, ವಿಳಾಸಗಳ ದಾಖಲೆಗಳು, ಇವೆಲ್ಲವನ್ನೂ ಒಂದೊಂದು ಯಂತ್ರದಲ್ಲಿ ಚೆಲ್ಲಾಡಲು ಬಿಡದೆ ಒಂದೇ ಸರ್ವರಿನಲ್ಲಿಟ್ಟು, ಉಳಿದವು ಅಲ್ಲಿಂದಲೇ ತೆಗೆದುಕೊಳ್ಳುವಂತೆ ಮಾಡುವುದು ಅನುಕೂಲಕರ. ಇದಕ್ಕಾಗಿ ಲೋಕದಲ್ಲಿ ಬಹಳವಾಗಿ ಬಳಕೆಯಲ್ಲಿರುವ ತಂತ್ರಾಂಶಗಳಲ್ಲಿ ಸಾಂಬಾ ಎಂಬುದೊಂದು. ಆಸ್ಟ್ರೇಲಿಯಾದ ಕ್ಯಾನ್‌ಬೆರಾ ನಗರದಲ್ಲಿ ವಿದ್ಯಾರ್ಥಿಯಾಗಿದ್ದ ಆಂಡ್ರ್ಯೂ ಟ್ರಿಡ್ಜೆಲ್ ಎಂಬವರು ೧೯೯೧–೯೨ರಲ್ಲಿ ಇದನ್ನು ಆರಂಭಿಸಿದರು. ಯಂತ್ರಗಳು ಕಡತಗಳನ್ನು ಹಂಚಿಕೊಳ್ಳುವ ಕಟ್ಟಳೆಗೆ ಎಸ್‌ಎಂಬಿ ಎಂದು ಹೆಸರು. ಆ ಮೂರಕ್ಷರಗಳು ಅದೇ ಕ್ರಮದಲ್ಲಿ ಬರುವ ಪದವನ್ನು ಪದಪಟ್ಟಿಯಲ್ಲಿ ಹುಡುಕಿ ಈ ಹೆಸರನ್ನಿಟ್ಟರು. ನಮ್ಮ ಸಾಂಬಶಿವನಿಗೂ ಇದಕ್ಕೂ ಯಾವ ಸಂಬಂಧವೂ ಇಲ್ಲ. ಇದು ಹಣವಿಲ್ಲದೆ ದೊರೆಯುವಂಥದಾದ್ದರಿಂದ ಬಡಶಾಲೆಗೂ ಎಟುಕುವುದು.

ಈ ತಂತ್ರಾಂಶವು ಹೇಗೆ ನಡೆಯಬೇಕೆಂಬುದನ್ನು ಒಂದು ಕಡತದಲ್ಲಿ ಬರೆದಿಟ್ಟಿರುತ್ತದೆ. ಅದರಲ್ಲಿ ‘ಗ್ಲೋಬಲ್’ ಎಂಬ ತಲೆಬರಹದ ಭಾಗವು ಸಾಮಾನ್ಯವಾಗಿ ಮೊದಲಿಗಿರುವುದು. ಅದರ ಕೆಳಗೆ ಹಂಚತಕ್ಕ ಒಂದೊಂದು ಫೋಲ್ಡರಿಗೂ ಒಂದೊಂದು ಭಾಗ. ಗ್ಲೋಬಲ್ ಭಾಗದ ಮಾತುಗಳು ಎರಡು ಬಗೆಯವು. ಕೆಲವು ಇಡೀ ಸರ್ವರಿಗೇ ಸಂಬಂಧಿಸಿದವು. ಅವನ್ನು ಫೋಲ್ಡರಿಗೊಂದರಂತೆ ಬದಲಾಯಿಸಲು ಬರುವುದಿಲ್ಲ. ಉಳಿದವು ಉತ್ಸರ್ಗಗಳು. ಯಾವ ಫೋಲ್ಡರಿನ ಭಾಗದಲ್ಲಿ ಬೇರೆ ಮಾತಿಲ್ಲವೋ ಅಲ್ಲಿಗೆ ಇವು ತಾವಾಗಿ ಇಳಿದುಬರುತ್ತವೆ; ಬೇರೆ ಮಾತಿದ್ದಲ್ಲಿ ಆ ಅಪವಾದವೇ ಗೆಲ್ಲುತ್ತದೆ.

ಅಪಾಯವು ಅಡಗಿರುವುದು ಇಲ್ಲಿಯೇ. ಅದೆಂತೆಂದರೆ, ಪಾಠದ ಚಿತ್ರಗಳನ್ನು ಮಕ್ಕಳು ಗುಪ್ತಪದವಿಲ್ಲದೆ ನೋಡಲೆಂಬ ಸದುದ್ದೇಶದಿಂದ ಒಬ್ಬರು ಗ್ಲೋಬಲ್ ಭಾಗದಲ್ಲಿ ಎರಡು ಸಾಲುಗಳನ್ನು ಬರೆದರೆನ್ನೋಣ. ‘ಮ್ಯಾಪ್ ಟು ಗೆಸ್ಟ್’ ಎಂಬುದಕ್ಕೆ ‘ಬ್ಯಾಡ್ ಯೂಸರ್’ ಎಂದು ಬರೆದರೆ, ಪಟ್ಟಿಯಲ್ಲಿಲ್ಲದ ಹೆಸರನ್ನು ಹೇಳಿಕೊಂಡು ಬಂದವನು ಅತಿಥಿಯೆನಿಸುವನು. ‘ಗೆಸ್ಟ್ ಓಕೆ’ ಎಂಬುದಕ್ಕೆ ಹೌದೆಂದು ಬರೆದರೆ, ಬೇಡವೆಂದು ತಾನಾಗಿ ಹೇಳಿಕೊಳ್ಳದ ಪ್ರತಿಯೊಂದು ಫೋಲ್ಡರೂ ಆ ಅತಿಥಿಗೆ ತೆರೆದುಕೊಳ್ಳುವುದು. ಕಡತಗಳ ಮೂಲ ಅನುಮತಿಯೂ ಸಡಿಲವಾಗಿದ್ದಲ್ಲಿ, ಪಾಠದ ಚಿತ್ರಗಳ ಜೊತೆಗೆ ಅಂಕಪಟ್ಟಿಯೂ, ನಾಡಿದ್ದಿನ ಪ್ರಶ್ನಪತ್ರಿಕೆಯೂ ಬಯಲಿಗೆ ಬಿದ್ದಂತೆಯೇ. ಇಂದಿನ ಫೋಲ್ಡರುಗಳ ಗತಿ ಇದಾದರೆ, ಮುಂದಿನ ವರ್ಷ ಮತ್ತೊಬ್ಬ ಉಪಾಧ್ಯಾಯರು ಬಂದು ಹೊಸ ಫೋಲ್ಡರನ್ನು ಹಂಚಿದರೆ ಅದೂ ಅವರಿಗೆ ತಿಳಿಯದಂತೆಯೇ ತೆರೆದಿರುವುದು. ಬಡ ತಂದೆತಾಯಿಗಳು ಶಾಲೆಯನ್ನು ನಂಬಿ ಕೊಟ್ಟ ವಿವರಗಳು ಅವು. ಆದಕಾರಣ ‘ಗೆಸ್ಟ್ ಓಕೆ’ ಎಂಬ ಸಾಲನ್ನು ಪಾಠಗಳ ಫೋಲ್ಡರಿನ ಭಾಗದಲ್ಲಿ ಮಾತ್ರ ಬರೆಯತಕ್ಕದ್ದು. ಬಿಗಿಯು ಉತ್ಸರ್ಗವಾಗಿರಲಿ, ಸಡಿಲವು ಅಪವಾದವಾಗಿರಲಿ. ನಾವು ಹೇಳಬೇಕೆಂದಿರುವುದು ಮುಖ್ಯವಾಗಿ ಇಷ್ಟೇ.

ಆದರೆ ಅಪವಾದವೇ ಗೆಲ್ಲುವುದೆಂಬ ನಿಯಮಕ್ಕೂ ಒಂದು ಅಪವಾದವುಂಟು. ಮಧುಗಿರಿಯ ಏಕಶಿಲಾ ಬೆಟ್ಟದ ಕೋಟೆಯನ್ನು ಏರಿದವರು ಬಾಗಿಲಾದ ಮೇಲೆ ಬಾಗಿಲನ್ನು ಕಂಡಿರುವರಷ್ಟೆ. ಕೆಳಗಿನ ಬಾಗಿಲಿನಲ್ಲಿಯೇ ತಡೆಯಲ್ಪಟ್ಟವನಿಗೆ ಮೇಲಿನ ಬಾಗಿಲು ತೆರೆದಿದ್ದರೇನು, ಮುಚ್ಚಿದ್ದರೇನು? ಯಾವ ಯಂತ್ರಗಳು ಒಳಗೆ ಬರಬಹುದೆಂದು ತಿಳಿಸುವ ‘ಹೋಸ್ಟ್ಸ್ ಅಲೋ’ ಎಂಬ ಸಾಲು ಅಂತಹ ಕೆಳಬಾಗಿಲು. ಅದನ್ನು ಗ್ಲೋಬಲ್ ಭಾಗದಲ್ಲಿ ಬರೆದರೆ, ಫೋಲ್ಡರಿನ ಭಾಗದಲ್ಲಿ ಏನೇ ಬರೆದಿದ್ದರೂ ಗಣನೆಗೆ ಬಾರದೆ ಎಲ್ಲಕ್ಕೂ ಅದೇ ಸಲ್ಲುವುದು. ಶಾಲೆಯೊಳಗಿನ ಯಂತ್ರಗಳ ವಿಳಾಸಗಳನ್ನಷ್ಟೇ ಅಲ್ಲಿ ಬರೆದಿಟ್ಟರೆ ಒಂದು ದೊಡ್ಡ ಕಾವಲಾಯಿತು.

ಇನ್ನು ಇಡೀ ಸರ್ವರಿಗೆ ಸಂಬಂಧಿಸಿದ ಸಾಲುಗಳ ವಿಚಾರ. ಆಂಧ್ರದ ನೆಲವು ಬಹುಪಾಲು ಸುತ್ತುವರಿದಿರುವ ಪಾವಗಡದಲ್ಲಿ ಕನ್ನಡದ ಹೆಸರಿನ ಕಡತಗಳ ಪಕ್ಕದಲ್ಲಿ ತೆಲುಗಿನ ಹೆಸರಿನವೂ ಇರಬಹುದು. ಹೆಸರುಗಳ ಲಿಪಿಸಂಕೇತವನ್ನು ನಿಶ್ಚಯಿಸುವ ‘ಯುನಿಕ್ಸ್ ಚಾರ್‌ಸೆಟ್’ ಎಂಬುದು ಇಡೀ ಸರ್ವರಿನ ಸಾಲು. ಬದಲಾಯಿಸದಿದ್ದರೆ ಅದು ಯುಟಿಎಫ್–೮ ಆಗಿರುವುದು. ಎರಡು ಲಿಪಿಗಳೂ ಅದರಲ್ಲಿ ಸುಖವಾಗಿ ಬಾಳುತ್ತವೆ. ಅದನ್ನು ಮುಟ್ಟದಿರುವುದೇ ಜಾಣತನ.

‘ಸರ್ವರ್ ಮಿನ್ ಪ್ರೋಟೋಕಾಲ್’ ಎಂಬುದು ಎಷ್ಟು ಹಳೆಯ ಕಟ್ಟಳೆಯವರೆಗೆ ಒಪ್ಪಬಹುದೆಂಬುದನ್ನು ಹೇಳುವ ಸಾಲು. ೨೦೧೭ನೆಯ ಇಸವಿ ಮೇ ೧೨ರಂದು ವನ್ನಾಕ್ರೈ ಎಂಬ ಉಪದ್ರವವು ಎಸ್‌ಎಂಬಿಯ ಮೊದಲನೆಯ ಆವೃತ್ತಿಯ ದೋಷವನ್ನು ಹಿಡಿದು ಲೋಕದಾದ್ಯಂತ ವಿಂಡೋಸ್ ಯಂತ್ರಗಳನ್ನು ಕಾಡಿತು. ಸಾಂಬಾದಲ್ಲಿಯೂ ೨೦೧೯ರ ೪.೧೧ನೆಯ ಆವೃತ್ತಿಯಿಂದ ಆ ಹಳೆಯ ಕಟ್ಟಳೆಯನ್ನು ಮೊದಲೇ ಮುಚ್ಚಿಟ್ಟಿದ್ದಾರೆ. ಹಳೆಯ ಯಂತ್ರವೊಂದಕ್ಕೆ ದಾಕ್ಷಿಣ್ಯ ತೋರಿಸಿ ಅದನ್ನು ಪುನಃ ತೆರೆಯುವವರುಂಟು. ಆದರೆ ತೆರೆದದ್ದು ಆ ಒಂದಕ್ಕಲ್ಲ, ಎಲ್ಲಕ್ಕೂ ಎಂಬುದನ್ನು ಅವರು ಮರೆಯಬಾರದು. ಅದೇ ೨೦೧೭ರ ಮೇ ತಿಂಗಳಿನಲ್ಲಿ ಸಾಂಬಾದಲ್ಲಿಯೇ ಒಂದು ಗುರುತರವಾದ ದೋಷವು ಕಂಡುಬಂದಾಗ, ಸರಿಪಡಿಸಿದ ಆವೃತ್ತಿಯನ್ನು ಕೂಡಲೇ ಹಾಕಿಕೊಳ್ಳಲಾಗದವರಿಗೆ ಅದರ ಕರ್ತರು ಸೂಚಿಸಿದ ತಾತ್ಕಾಲಿಕ ಉಪಾಯವು ಗ್ಲೋಬಲ್ ಭಾಗದಲ್ಲಿ ‘ಎನ್‌ಟಿ ಪೈಪ್ ಸಪೋರ್ಟ್’ ಬೇಡವೆಂಬ ಒಂದೇ ಸಾಲು. ಅದರಿಂದ ವಿಂಡೋಸ್ ಯಂತ್ರಗಳಿಗೆ ಕೆಲವು ಅನುಕೂಲಗಳು ತಪ್ಪಬಹುದೆಂದೂ ಅವರೇ ಎಚ್ಚರಿಸಿದ್ದರು. ತಲೆಯಲ್ಲಿ ಬರೆದ ಒಂದು ಸಾಲಿಗೆ ಕಾಯುವ ಶಕ್ತಿಯೂ ಉಂಟು, ಕಟ್ಟಿಹಾಕುವ ಶಕ್ತಿಯೂ ಉಂಟು.

ಬರೆದುದನ್ನು ಪರೀಕ್ಷಿಸಲು ‘ಟೆಸ್ಟ್‌ಪಾರ್ಮ್’ ಎಂಬ ಸಾಧನವಿದೆ. ಅದು ಶಬ್ದದೋಷವನ್ನು ತೋರಿಸೀತೇ ಹೊರತು ಅರ್ಥದೋಷವನ್ನು ತೋರಿಸದು. ‘ಅತಿಥಿಗೆ ಎಲ್ಲವೂ ತೆರೆದಿರಲಿ’ ಎಂಬ ವಾಕ್ಯವು ವ್ಯಾಕರಣಶುದ್ಧವೇ ಸರಿ. ಅದು ಯುಕ್ತವೇ ಎಂಬುದನ್ನು ಮನುಷ್ಯನೇ ನಿರ್ಣಯಿಸಬೇಕು. ಮಾಡಿದ ಬದಲಾವಣೆಯು ಆಗಲೇ ಒಳಗೆ ಬಂದು ಕುಳಿತವರಿಗೆ ತಟ್ಟುವುದಿಲ್ಲ; ಅವರು ಸಂಪರ್ಕವನ್ನು ಬಿಟ್ಟು ಮರಳಿ ಬಂದಾಗಲೇ ಅದು ಸಲ್ಲುವುದು. ಆದುದರಿಂದ ಶಾಲೆ ಬಿಟ್ಟ ಮೇಲೆ ಬದಲಾಯಿಸಿ, ಸರ್ವರಿನ ಸಾಂಬಾ ಸೇವೆಯನ್ನು ನಿಲ್ಲಿಸಿ ಪುನಃ ಆರಂಭಿಸಿ, ಪಟ್ಟಿಯಲ್ಲಿಲ್ಲದ ಹೆಸರಿನಿಂದ ತಾವೇ ಒಮ್ಮೆ ಬಾಗಿಲು ತಟ್ಟಿ ನೋಡುವುದು ಕ್ಷೇಮಕರ.

ಈಗ ಎಷ್ಟೋ ಮನೆಗಳಲ್ಲಿಯೂ ಮದುವೆಯ ಚಿತ್ರಗಳು, ಜಮೀನಿನ ಪತ್ರಗಳು ಇಂತಹುದೇ ಒಂದು ಪೆಟ್ಟಿಗೆಯಲ್ಲಿ ಸೇರಿಕೊಂಡಿರುತ್ತವೆ. ಅದನ್ನು ಅಣಿಗೊಳಿಸಿಕೊಟ್ಟ ಹುಡುಗನನ್ನು ಕರೆದು, “ಅಪ್ಪಾ, ಎಲ್ಲಕ್ಕೂ ಸಲ್ಲುವ ಮಾತಿನಲ್ಲಿ ಏನು ಬರೆದಿದ್ದೀಯೆ?” ಎಂದು ಕೇಳಲು ಯಾವ ಅಜ್ಜಿಯೂ ಸಂಕೋಚಪಡಬೇಕಾದುದಿಲ್ಲ. ಅವನು ಒಂದೊಂದು ಸಾಲಿಗೂ ಕಾರಣವನ್ನು ಹೇಳಬಲ್ಲವನಾದರೆ ಒಳ್ಳೆಯದು. ಬೇರೊಬ್ಬರದನ್ನು ನೋಡಿ ಬರೆದೆನೆಂದರೆ, ಅವನನ್ನು ಕೂರಿಸಿ ಕಾಫಿ ಕೊಟ್ಟು ಮೊದಲಿನಿಂದ ಓದಿಸುವುದು ಲೇಸು.