ಕೂಡಿ ಕೊಂಡ ಕಾಡಿಗೆ ಕಾನೂನಿನ ಆಸರೆ ಬೇಕು



ತಮಿಳುನಾಡಿನ ಸೇಲಂನ ಪರಿಸರ ಕಾರ್ಯಕರ್ತ ಪಿಯೂಷ್ ಮಾನುಷ್ ಮತ್ತು ಗೆಳೆಯರು ಧರ್ಮಪುರಿ ಜಿಲ್ಲೆಯಲ್ಲಿ ಬರಡು ಜಮೀನನ್ನು ಕೂಡಿ ಕೊಂಡು ಕಾಡು ಬೆಳೆಸಿರುವುದು ನಮ್ಮ ಕಡೆ ಬಹಳ ಜನಕ್ಕೆ ಗೊತ್ತು. ಮಳೆನೀರು ಹರಿದುಹೋಗದಂತೆ ಒಡ್ಡು, ಹೊಂಡ ಮಾಡಿದರು, ಬಿದಿರು ನೆಟ್ಟರು. ಸೇಲಂನ ಮೂಕನೇರಿ ಕೆರೆಯ ಹೂಳನ್ನು 2010ರಲ್ಲಿ ನಾಗರಿಕರೇ ಎತ್ತಿಸಿ, ಅದೇ ಮಣ್ಣಿನಿಂದ ನಡುಗಡ್ಡೆ ಕಟ್ಟಿ ಮರ ಬೆಳೆಸಿದ್ದೂ ಇವರ ಮುಂದಾಳತ್ವದಲ್ಲೇ.

ಆದರೆ ನಮ್ಮಂಥ ನಾಲ್ಕು ಮನೆಯವರು ಸೇರಿ ಹೀಗೆ ಮಾಡಹೊರಟರೆ ದಾರಿ ಸುಲಭವಿಲ್ಲ. ತಮಿಳುನಾಡಿನ 1949ರ ಖಾಸಗಿ ಅರಣ್ಯ ಸಂರಕ್ಷಣಾ ಕಾಯ್ದೆಯಡಿ ಬರುವ ಕಾಡನ್ನು ಅನುಮತಿಯಿಲ್ಲದೆ ಮಾರುವಂತಿಲ್ಲ. ಆ ನಿರ್ಬಂಧ ಇರಲೇಬೇಕು, ಇಲ್ಲದಿದ್ದರೆ ಗುಡ್ಡಗಳೆಲ್ಲ ಎಂದೋ ಸೈಟುಗಳಾಗುತ್ತಿದ್ದವು. ನಿಜವಾದ ತೊಡಕು ಜಂಟಿ ಪಟ್ಟಾದ್ದು, ಅಂದರೆ ಹಲವರ ಹೆಸರಿನಲ್ಲಿರುವ ಜಮೀನಿನ ಹಕ್ಕುಪತ್ರದ್ದು. ಅಪ್ಪಂದಿರು ಆಸೆಯಿಂದ ಕೊಂಡ ಕಾಡು, ಮಕ್ಕಳಲ್ಲಿ ಒಬ್ಬ ಪಾಲು ಕೇಳಿದನೆಂದರೆ ತುಂಡಾಯಿತು.

ಹೀಗೆ ತುಂಡಾಗದೆ ಉಳಿದ ಕಾಡೂ ಇದೆ. ಕರ್ನಾಟಕದ ಉತ್ತರ ಕನ್ನಡ ಜಿಲ್ಲೆಯ ಕುಮಟಾ ಬಳಿಯ ಹಳಕಾರದಲ್ಲಿ ಗ್ರಾಮ ಅರಣ್ಯ ಪಂಚಾಯಿತಿಯೊಂದು ಸುಮಾರು ನೂರು ವರ್ಷಗಳಿಂದ ಊರಿನ ಕಾಡನ್ನು ಕಾಯುತ್ತ ಬಂದಿದೆ. ಅದು ಕೊಂಡ ಕಾಡಲ್ಲ, ಸರಿ. ಆದರೂ ಕಾಡು ಒಬ್ಬೊಬ್ಬರ ಹೆಸರಿನಲ್ಲಿರದೆ ಊರಿನ ವಶದಲ್ಲಿದ್ದುದರಿಂದಲೇ ಉಳಿಯಿತು ಎಂಬುದು ನನ್ನ ಎಣಿಕೆ.

ಹಾಗಾಗಿ ಕಾಡಿಗೆಂದೇ ಜಮೀನು ಕೊಳ್ಳುವ ಸಹಕಾರ ಸಂಘಗಳಿಗೆ ತಮಿಳುನಾಡು ಸರ್ಕಾರ ನೋಂದಣಿ ಶುಲ್ಕದಲ್ಲಿ ವಿನಾಯಿತಿ ಕೊಡಲಿ. ಆ ಜಮೀನನ್ನು ಪಾಲು ಮಾಡದಂತೆ, ಬೇರೆ ಬಳಕೆಗೆ ಮಾರದಂತೆ ಷರತ್ತನ್ನೂ ಹಾಕಲಿ. ಶಂಕಗಿರಿ ಸುತ್ತ ಪಾಳುಬಿದ್ದ ಪಟ್ಟಾ ಜಮೀನು ಇನ್ನೂ ಇದೆ. ಸೇಲಂ, ಧರ್ಮಪುರಿ ಜಿಲ್ಲಾಧಿಕಾರಿಗಳು ಆಸಕ್ತರ ಸಭೆಯೊಂದನ್ನು ಕರೆಯಬೇಕೆಂದು ವಿನಂತಿ.

– ಒಬ್ಬ ಓದುಗ, ಶಂಕಗಿರಿ